ಟೂ ವೀಲ್ ಡ್ರೈವ್ ಎಸ್‌ಯುವಿ: ಮೊದಲು ಟೈರು, ಆಮೇಲೆ ಲಿಫ್ಟ್

ಸಕಲೇಶಪುರದ ಹತ್ತಿರ ನಮ್ಮ ಮಾವನವರ ತೋಟ ಇದೆ. ಟಾರ್ ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಕೊನೆಯ ನೂರು ಮೀಟರ್ ಪೂರ್ತಿ ಏರು. ಎರಡು ವರ್ಷದ ಹಿಂದೆ, ಆಗಸ್ಟ್ ಮಳೆಯಲ್ಲಿ ಬೆಂಗಳೂರಿನಿಂದ ಅಲ್ಲಿಗೆ ಹೋದೆವು. ಗಾಡಿಗೆ ಅದೇ ತಾನೇ ಲಿಫ್ಟ್, ಅಂದರೆ ನೆಲದಿಂದ ಎತ್ತರ ಹೆಚ್ಚಿಸುವ ಕಿಟ್, ಹಾಕಿಸಿದ್ದೆ. ದಾರಿಯುದ್ದಕ್ಕೂ ಅಡಿ ಎಲ್ಲೂ ತಾಗಲಿಲ್ಲ. ಏರಿನ ಅರ್ಧಕ್ಕೆ ಬಂದಾಗ ಮುಂದಿನ ಎಡ ಚಕ್ರ ಗಿರ್ರನೆ ತಿರುಗಿತು. ಕೆಂಪು ಕೆಸರು ಕಿಟಕಿವರೆಗೆ ಹಾರಿತು. ಗಾಡಿ ಒಂದು ಇಂಚೂ ಮುಂದೆ ಹೋಗಲಿಲ್ಲ.

ಮಾವ ಕೊಡೆ ಹಿಡಿದು ಇಳಿದು ಬಂದರು. ಬಗ್ಗಿ ಟೈರಿನ ಮೇಲೆ ಹೆಬ್ಬೆರಳು ಆಡಿಸಿದರು. ಗೀರುಗಳಲ್ಲೆಲ್ಲ ಕೆಸರು ತುಂಬಿ ಟೈರು ಮಡಕೆ ಥರ ನುಣ್ಣಗಾಗಿತ್ತು. "ಅಳಿಯಂದ್ರೇ, ಎತ್ತರ ಸಾಕು. ಹಿಡಿತ ಇಲ್ಲ ಅಷ್ಟೇ" ಅಂದರು.

ಈ ಲೇಖನದ ತಿರುಳು ಅದೇ ಮಾತು. ಲಿಫ್ಟ್ ಅಡಿಯನ್ನು ಕಾಪಾಡುತ್ತದೆ, ಹಿಡಿತ ಕೊಡುವುದಿಲ್ಲ. ನೆಲ ಮುಟ್ಟುವುದು ಟೈರು ಮಾತ್ರ. ಫೋರ್ ವೀಲ್ ಡ್ರೈವ್ ಗಾಡಿಗೆ ಎಳೆಯಲು ನಾಲ್ಕು ಚಕ್ರ ಇದೆ, ನಮಗೆ ಎರಡೇ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಕೆಲಸ ಆಗಬೇಕಾದರೆ ಆ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿರಬೇಕು.

ನಿಮ್ಮ ತೊಂದರೆ ಯಾವುದು?

ಅಡಿ ತಾಗುವುದು ಒಂದು ತೊಂದರೆ, ಚಕ್ರ ಜಾರುವುದು ಇನ್ನೊಂದು. ಬೆಂಗಳೂರಿನಲ್ಲಿ ಓಡಾಡುವವರಿಗೆ ಹೆಚ್ಚಾಗಿ ಮೊದಲನೆಯದು: ಬಡಾವಣೆಯ ಹಂಪು, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಕಡಿದಾದ ಇಳಿಜಾರು, ಅಗೆದು ಸರಿಯಾಗಿ ಮುಚ್ಚದ ರಸ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಂಥ ಹಂಪಿನಲ್ಲಿ ಯಾವ ಎಸ್‌ಯುವಿಯೂ ತಾಗುವುದಿಲ್ಲ. ನಮ್ಮ ಗಲ್ಲಿಗಳ ಹಂಪು ಕಿರಿದು, ಚೂಪು. ಮುಂದಿನ ಚಕ್ರ ದಾಟಿ ಹಿಂದಿನ ಚಕ್ರ ಹತ್ತುವ ಮೊದಲು ಗಾಡಿಯ ನಡುಭಾಗ ಅದರ ಮೇಲೆ ಕೂತುಬಿಡುತ್ತದೆ.

ಒಂದು ತಿಂಗಳು ಸುಮ್ನೆ ಗಮನಿಸಿ. ತಾಗಿದ್ದು ಎಲ್ಲಿ, ಆಗ ಗಾಡಿಯಲ್ಲಿ ಎಷ್ಟು ಜನ ಇದ್ದರು ಅಂತ ಫೋನಿನಲ್ಲಿ ಬರೆದಿಡಿ. ಆಮೇಲೆ ಸರ್ವೀಸಿಗೆ ಬಿಟ್ಟಾಗ ಗಾಡಿಯನ್ನು ಮೇಲೆತ್ತಿಸಿ ಅಡಿಯಲ್ಲಿ ನಿಂತು ನೋಡಿ. ಉಜ್ಜಿದ ಗುರುತು ಹೊಳೆಯುತ್ತಿರುತ್ತದೆ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಮಾತ್ರ ಗೀರಿದ್ದರೆ ಒಂದು ಒಳ್ಳೆಯ ಲೋಹದ ಎಂಜಿನ್ ಗಾರ್ಡ್ ಹಾಕಿಸಿದರೆ ಸಾಕಾಗಬಹುದು. ಸೈಲೆನ್ಸರ್ ಪೈಪು, ನಡುವಿನ ಭಾಗ ಉಜ್ಜಿದ್ದರೆ ಎತ್ತರದ ಬಗ್ಗೆ ಯೋಚಿಸಿ.

ಟೇಪು ಹಿಡಿದು ಅಳೆಯಿರಿ

ಕೆಲಸ ಸುಲಭ, ಆದರೆ ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿನವರೆಗೆ ನೇರವಾಗಿ ಅಳೆಯಿರಿ. ನಾಲ್ಕೂ ಕಡೆ ಬರೆದುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಚಕ್ರದ ಮಧ್ಯದಿಂದ ಅಳೆದರೆ ಸ್ಪ್ರಿಂಗಿನ ಸ್ಥಿತಿ ಮಾತ್ರ ಗೊತ್ತಾಗುತ್ತದೆ.

ಖಾಲಿ ಗಾಡಿ ಒಂದು ಸಲ, ಜನ ಮತ್ತು ಲಗೇಜು ತುಂಬಿ ಇನ್ನೊಂದು ಸಲ ಅಳೆಯಿರಿ. ನನ್ನ ಗಾಡಿ ಐದು ಜನ ಕೂತಾಗ ಹಿಂದೆ 45 ಮಿ.ಮೀ. ಇಳಿಯುತ್ತಿತ್ತು. ಖಾಲಿ ಇದ್ದಾಗಲೂ ಎಡಕ್ಕಿಂತ ಬಲಭಾಗ 8 ಮಿ.ಮೀ. ಕೆಳಗಿತ್ತು. ಒಬ್ಬನೇ ಓಡಿಸುವ ಗಾಡಿಯಲ್ಲಿ ವರ್ಷಗಟ್ಟಲೆ ಭಾರ ಬೀಳುವುದು ಡ್ರೈವರ್ ಕಡೆಗೆ, ಅಲ್ವಾ? ಇನ್ನೊಂದು ಭಾನುವಾರ ಅದೇ ಮಾಡೆಲ್‌ನ ಹೊಸ ಗಾಡಿ ಇಟ್ಟುಕೊಂಡಿರುವ ಗೆಳೆಯನ ಮನೆಗೆ ಟೇಪು ತೆಗೆದುಕೊಂಡು ಹೋದೆ. ಅವನ ಗಾಡಿಗಿಂತ ನನ್ನದು ಹಿಂದೆ 18 ಮಿ.ಮೀ. ಕುಸಿದಿತ್ತು. ಅಂದರೆ ಲಿಫ್ಟ್ ಅಂತ ನಾನು ಕೊಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲು, ಕಳೆದುಹೋದ ಎತ್ತರವನ್ನು ವಾಪಸ್ ತರಲಿಕ್ಕೇ ಹೋಗಿತ್ತು.

ನಿಮ್ಮ ಗಾಡಿ ಏಳೆಂಟು ವರ್ಷ ಹಳೆಯದಾಗಿದ್ದರೆ, ಲಕ್ಷ ಕಿಲೋಮೀಟರ್ ಹತ್ತಿರ ಓಡಿದ್ದರೆ, ಲಿಫ್ಟ್ ಕಿಟ್ ನೋಡುವ ಮೊದಲು ಕಂಪನಿಯದೇ ಹೊಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಮೌಂಟ್, ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೆಲೆ ಕೇಳಿ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಅದು ಸತ್ತಿದೆ ಅಂತಲೇ ಅರ್ಥ. ಸತ್ತ ಶಾಕ್ ಅಬ್ಸಾರ್ಬರ್ ಮೇಲೆ ಸ್ಪೇಸರ್ (ಎತ್ತರಕ್ಕೆ ಇಡುವ ದಪ್ಪ ತುಂಡು) ಕೂರಿಸಿದರೆ ಗಾಡಿ ಎತ್ತರ ಕಾಣುತ್ತದೆ, ಗುಂಡಿಯಲ್ಲಿ ಮೊದಲಿನ ಹಾಗೇ ಕುಣಿಯುತ್ತದೆ. ಹೊಸ ಬಿಡಿಭಾಗ ಹಾಕಿಸಿದವರಲ್ಲಿ ಅನೇಕರಿಗೆ ಲಿಫ್ಟ್ ಬೇಕಾಗುವುದೇ ಇಲ್ಲ.

ಲಿಫ್ಟ್: ಎಷ್ಟು, ಯಾವ ಥರದ್ದು

ಆದರೂ ಎತ್ತರ ಬೇಕು ಅನ್ನಿಸಿದರೆ ನಿಮ್ಮ ಗಾಡಿಯ ಸಸ್ಪೆನ್ಷನ್ ಯಾವ ಜಾತಿ ಅಂತ ಮೊದಲು ತಿಳಿದುಕೊಳ್ಳಿ.

ಕ್ರೆಟಾ, ಬ್ರೆಝಾ, ಟೂ ವೀಲ್ ಡ್ರೈವ್ ಡಸ್ಟರ್ ಇವೆಲ್ಲ ಫ್ರಂಟ್ ವೀಲ್ ಡ್ರೈವ್. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ಅಡ್ಡ ತೊಲೆ) ಮತ್ತು ಕಾಯಿಲ್ ಸ್ಪ್ರಿಂಗ್. ಇಲ್ಲಿ ಕಡಿಮೆ ಖರ್ಚಿನ ಲಿಫ್ಟ್ ಅಂದರೆ ಸ್ಟ್ರಟ್ ಮೇಲೆ ಒಂದು ಸ್ಪೇಸರ್, ಹಿಂದಿನ ಸ್ಪ್ರಿಂಗ್ ತುದಿಗೆ ಇನ್ನೊಂದು ಸ್ಪೇಸರ್. ನನ್ನ ಲೆಕ್ಕದಲ್ಲಿ 20ರಿಂದ 25 ಮಿ.ಮೀ. ಮಿತಿ. ಅದರ ಮೇಲೆ ಹೋಗಬೇಡಿ. ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಇದೆಯಲ್ಲ, ಗಾಡಿ ಮೇಲೆದ್ದಷ್ಟೂ ಅದು ಓರೆಯಾಗುತ್ತದೆ. ಓರೆಯಾದರೆ ಶಾಫ್ಟಿನ ತುದಿಯ ಕೀಲು, ಅಂದರೆ ಸಿವಿ ಜಾಯಿಂಟ್, ಬೇಗ ಸವೆಯುತ್ತದೆ, ಅದನ್ನು ಮುಚ್ಚುವ ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೊರಬಂದು ಮಣ್ಣು ಒಳಗೆ ಹೋಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ 'ಟಕ ಟಕ ಟಕ' ಸದ್ದು ಬಂದರೆ ಜಾಯಿಂಟ್ ಹೋಗಿದೆ ಅಂತ ತಿಳಿಯಿರಿ.

ಹಿಂದಿನ ಸ್ಪೇಸರ್ ವಿಷಯದಲ್ಲೂ ಒಂದು ಎಚ್ಚರ. ಸ್ಪ್ರಿಂಗ್ ಮೇಲೆದ್ದಿತು, ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ. ಹಂಪು ಇಳಿಯುವಾಗ ಚಕ್ರ ಕೆಳಗೆ ಜೋತು ಬೀಳಬೇಕು. ಶಾಕ್ ಅಬ್ಸಾರ್ಬರ್ ಅಷ್ಟರಲ್ಲೇ ಪೂರ್ತಿ ಹಿಗ್ಗಿ ನಿಂತುಬಿಡುತ್ತದೆ. ಹಿಂದಿನಿಂದ 'ಠಕ್' ಅಂತ ಬಡಿತ ಕೇಳುತ್ತದೆ. ನನಗೆ ಹಾಕಿಕೊಟ್ಟ ವರ್ಕ್‌ಶಾಪಿನಲ್ಲಿ ಈ ಸದ್ದಿನ ಬಗ್ಗೆ ಕೇಳಿದರೆ "ಹೊಸದು ಸಾರ್, ಸೆಟ್ ಆಗುತ್ತೆ" ಅಂದರು. ಮೂರು ತಿಂಗಳಾದರೂ ಸೆಟ್ ಆಗಲಿಲ್ಲ. ಕೊನೆಗೆ ದಪ್ಪ ಸ್ಪೇಸರ್ ತೆಗೆಸಿ 15 ಮಿ.ಮೀ. ಸ್ಪೇಸರ್ ಹಾಕಿಸಿದೆ, ಸದ್ದು ನಿಂತಿತು.

ಬೊಲೆರೊ, ಸ್ಕಾರ್ಪಿಯೊ, ಥಾರ್‌ನ ಟೂ ವೀಲ್ ಡ್ರೈವ್ ಮಾಡೆಲ್‌ಗಳದು ಬೇರೆ ಕಥೆ. ಇವು ಹಿಂದಿನ ಚಕ್ರದಿಂದ ಓಡುವ ಗಾಡಿಗಳು, ಮುಂದೆ ಡ್ರೈವ್ ಶಾಫ್ಟಿನ ಚಿಂತೆ ಇಲ್ಲ. ಹಾಗಾಗಿ ಲಿಫ್ಟ್‌ಗೆ ಸ್ವಲ್ಪ ಜಾಸ್ತಿ ಜಾಗ ಇದೆ. ಆದರೆ ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೆಳಗಿನ ಆರ್ಮಿನ (ಚಕ್ರವನ್ನು ಹಿಡಿದಿರುವ ತೋಳು) ಮಧ್ಯಭಾಗದಲ್ಲಿ ಕೂರುವ ಗಾಡಿಗಳಲ್ಲಿ ಲೆಕ್ಕ ತಪ್ಪಬೇಡಿ. ಅಲ್ಲಿ ಮೇಲಿಟ್ಟ 10 ಮಿ.ಮೀ. ಸ್ಪೇಸರ್ ಚಕ್ರದ ಹತ್ತಿರ ಹೆಚ್ಚುಕಡಿಮೆ 20 ಮಿ.ಮೀ. ಎತ್ತರ ಆಗುತ್ತದೆ. ಕಿಟ್ ಮೇಲೆ ಬರೆದಿರುವುದು ಸ್ಪೇಸರ್ ದಪ್ಪವೋ ಗಾಡಿ ಏಳುವ ಎತ್ತರವೋ ಅಂತ ಕೇಳಿಯೇ ಕೊಳ್ಳಿ. ಹಿಂದೆ ಲೀಫ್ ಸ್ಪ್ರಿಂಗ್ ಇರುವ ಬೊಲೆರೊದಂಥ ಗಾಡಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು ಹಳೆಯ, ಗಟ್ಟಿ ಉಪಾಯ. ಖಾಲಿ ಓಡುವಾಗ ಸ್ವಲ್ಪ ಬಿರುಸಾಗುತ್ತದೆ, ಅಷ್ಟೇ.

ಹಿಂದೆ ಗಟ್ಟಿ ಆಕ್ಸಲ್ (ಎರಡೂ ಹಿಂದಿನ ಚಕ್ರ ಸೇರಿಸುವ ಒಂದೇ ಅಚ್ಚು) ಇರುವವರು ಇನ್ನೊಂದು ಮಾತು ನೆನಪಿಡಿ. ಅಂಥ ಗಾಡಿಯ ಅತಿ ತಗ್ಗಿನ ಭಾಗ ಡಿಫರೆನ್ಷಿಯಲ್, ಆಕ್ಸಲ್ ಮಧ್ಯದಲ್ಲಿ ನೇತಾಡುವ ಆ ದೊಡ್ಡ ಗುಂಡು. ಬಾಡಿಯನ್ನು ಎಷ್ಟೇ ಎತ್ತಿದರೂ ಅದು ಇದ್ದಲ್ಲೇ ಇರುತ್ತದೆ. ಕಲ್ಲಿಗೆ ತಾಗುತ್ತಿರುವುದು ಅದೇ ಆಗಿದ್ದರೆ ಟೈರು ದೊಡ್ಡದಾಗದೆ ಬೇರೆ ದಾರಿ ಇಲ್ಲ.

ಹಳೆಯ ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೂ ಬ್ರೇಕ್ ವಾಲ್ವ್‌ಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಹಿಂದೆ ಎಷ್ಟು ಭಾರ ಇದೆ ಅಂತ ವಾಲ್ವ್‌ಗೆ ತಿಳಿಸುವುದು ಅದರ ಕೆಲಸ. ಗಾಡಿ ಎತ್ತಿ ಕಡ್ಡಿ ಸರಿಹೊಂದಿಸದಿದ್ದರೆ ಹಿಂದೆ ಖಾಲಿ ಇದೆ ಅಂತ ಭಾವಿಸಿ ವಾಲ್ವ್ ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಇದು ಪ್ರಾಣದ ವಿಷಯ. ಮೆಕ್ಯಾನಿಕ್‌ಗೆ ಈ ಕಡ್ಡಿ ತೋರಿಸಿ ಕೇಳಿ. ಅವರಿಗೆ ಗೊತ್ತಿಲ್ಲ ಅಂದರೆ ಅಲ್ಲಿ ಕೆಲಸ ಮಾಡಿಸಬೇಡಿ.

ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳು ಎಲ್ಲಕ್ಕಿಂತ ಅಗ್ಗ. ನಾನು ಬೇಡ ಅನ್ನುತ್ತೇನೆ. ಆ ಒಂದು ಸುರುಳಿಯ ಅಲುಗಾಟವೇ ನಿಂತುಹೋಗುತ್ತದೆ, ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಗಾಡಿ ಕುಟ್ಟುತ್ತದೆ.

ಟೈರು: ಇಲ್ಲಿ ಸಮಯ ಕೊಡಿ

ಟೈರಿನ ಪಕ್ಕದಲ್ಲಿ ಬರೆದಿರುವ 215/65 ಆರ್16 ಅನ್ನುವುದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. 215 ಅಂದರೆ ಅಗಲ, ಮಿ.ಮೀ. ಲೆಕ್ಕ. 65 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 65. 16 ಅಂದರೆ ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ ಸುಮಾರು 686 ಮಿ.ಮೀ.

ಅದೇ ರಿಮ್ಮಿಗೆ 215/70 ಹಾಕಿದರೆ 707 ಮಿ.ಮೀ. ಗಾಡಿ ಏಳುವುದು ಈ ವ್ಯತ್ಯಾಸದ ಅರ್ಧ, ಅಂದರೆ 10-11 ಮಿ.ಮೀ. ಎತ್ತರ ಶೇ. 3ರಷ್ಟು ಹೆಚ್ಚಿತು. 225/70 ಹಾಕಿದರೆ 721 ಮಿ.ಮೀ. ಆಗುತ್ತದೆ. ಗಾಡಿ ಸುಮಾರು 18 ಮಿ.ಮೀ. ಏಳುತ್ತದೆ, ಆದರೆ ವ್ಯತ್ಯಾಸ ಶೇ. 5 ದಾಟುತ್ತದೆ. ನನ್ನ ಸಲಹೆ ಶೇ. 3ರ ಒಳಗೆ ನಿಲ್ಲಿ ಅಂತ. ಕಾರಣ ಬರೀ ಸ್ಪೀಡೋಮೀಟರ್ ಅಲ್ಲ. ಟೈರು ಶೇ. 5 ದೊಡ್ಡದಾದರೆ ಎಲ್ಲ ಗೇರೂ ಶೇ. 5 ಉದ್ದವಾದ ಹಾಗೆ. ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ನಿಧಾನವಾಗಿ, ಹೆಚ್ಚು ಎಳೆತದಲ್ಲಿ ಹತ್ತಲು ಲೋ ರೇಂಜ್ ಗೇರ್ ಇರುತ್ತದೆ, ನಮಗಿಲ್ಲ. ಕಡಿದಾದ ಏರಿನಲ್ಲಿ ನಮಗಿರುವುದು ಒಂದನೇ ಗೇರ್ ಮತ್ತು ಕ್ಲಚ್. ಒಂದನೇ ಗೇರ್ ಉದ್ದವಾದಷ್ಟೂ ಕ್ಲಚ್ ಅರ್ಧ ಒತ್ತಿಕೊಂಡೇ ಹತ್ತಬೇಕಾಗುತ್ತದೆ. ಸುಟ್ಟ ವಾಸನೆ ಬರುವುದು ಆಗಲೇ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲೂ ಇದೇ ಕಷ್ಟ.

ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್ ಅಥವಾ ಗಾಡಿಯ ಮ್ಯಾನ್ಯುಯಲ್ ನೋಡಿ. ನಿಮ್ಮ ಮಾಡೆಲ್‌ಗೆ ಕಂಪನಿಯೇ ಒಪ್ಪಿದ ಎಲ್ಲ ಸೈಜುಗಳೂ ಅಲ್ಲಿರುತ್ತವೆ. ಮೇಲಿನ ವೇರಿಯಂಟಿಗೆ ದೊಡ್ಡ ಸೈಜ್ ಇದ್ದರೆ ಅದೇ ಒಳ್ಳೆಯ ಆಯ್ಕೆ. ಆದರೆ ರಿಮ್ ದೊಡ್ಡದಾಗಿ ಪಕ್ಕದ ಗೋಡೆ ತೆಳುವಾಗುವ ಸೈಜ್ ಬೇಡ. ಗುಂಡಿ ರಸ್ತೆಗೆ ದಪ್ಪ ಗೋಡೆಯೇ ಬೇಕು. ಗೋಡೆ ತೂತಾದರೆ ಪಂಕ್ಚರ್ ಅಂಗಡಿಯಲ್ಲಿ ಸರಿಹೋಗುವುದಿಲ್ಲ, ಟೈರೇ ಹೋಯಿತು.

ಸೈಜಿನ ಪಕ್ಕದಲ್ಲಿ 98ಎಚ್, 100ಟಿ ಅಂತ ಇರುತ್ತದೆ. ಸಂಖ್ಯೆ ಒಂದು ಟೈರು ಹೊರುವ ಭಾರ: 98 ಅಂದರೆ 750 ಕೆ.ಜಿ., 100 ಅಂದರೆ 800 ಕೆ.ಜಿ. ಅಕ್ಷರ ವೇಗದ ಮಿತಿ: ಟಿ ಅಂದರೆ ಗಂಟೆಗೆ 190 ಕಿ.ಮೀ., ಎಚ್ ಅಂದರೆ 210. ಭಾರದ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರುವ ಟೈರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.

ಇನ್ನು ಜಾತಿ. ಎಚ್‌ಟಿ (ಹೈವೇ ಟೆರೇನ್) ರಸ್ತೆಗೆ, ಎಂಟಿ (ಮಡ್ ಟೆರೇನ್) ಕೆಸರಿಗೆ, ಎಟಿ (ಆಲ್ ಟೆರೇನ್) ಎರಡಕ್ಕೂ. ವಾರವಿಡೀ ಔಟರ್ ರಿಂಗ್ ರೋಡು, ತಿಂಗಳಿಗೆ ಒಂದೆರಡು ಸಲ ಮಲೆನಾಡು ಅನ್ನುವವರಿಗೆ ಎಟಿ ಸರಿ. ಎಂಟಿ ಟೈರು ನೋಡಲು ಚಂದ. ಆದರೆ ಸದ್ದು ಜಾಸ್ತಿ, ಮೈಲೇಜ್ ಕಡಿಮೆ, ಒದ್ದೆ ಟಾರ್ ಮೇಲೆ ಬ್ರೇಕ್ ದೂರ ಹೆಚ್ಚು. ಬೆಂಗಳೂರಿನ ಮಳೆಯಲ್ಲಿ ಮುಂದಿನ ಸ್ಕೂಟರ್ ಥಟ್ಟನೆ ನಿಂತಾಗ ಆ ಎರಡು ಮೀಟರ್ ಬಹಳ ದೊಡ್ಡದು. ಎಟಿಯಲ್ಲೂ ಬ್ರೇಕ್ ದೂರ ಸ್ವಲ್ಪ ಹೆಚ್ಚುತ್ತದೆ, ಮೊದಲ ವಾರ ಅಂತರ ಇಟ್ಟು ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ವಾರಾಂತ್ಯದಲ್ಲೂ ಟಾರ್ ಬಿಟ್ಟು ಇಳಿಯದವರು ಒಳ್ಳೆಯ ಎಚ್‌ಟಿ ಹಾಕಿಸಿಕೊಂಡು ಆರಾಮಾಗಿರಿ.

ಅಂಗಡಿಯಲ್ಲಿ ಕೇಳಲು ಕೆಲವು ಹೆಸರು: ಯೋಕೊಹಾಮಾ ಜಿಯೋಲ್ಯಾಂಡರ್ ಎಟಿ, ಅಪೋಲೊ ಆಪ್ಟೆರಾ ಎಟಿ2, ಸಿಯೆಟ್ ಕ್ರಾಸ್‌ಡ್ರೈವ್ ಎಟಿ, ಜೆಕೆ ರೇಂಜರ್ ಎಟಿ. ಎಲ್ಲ ಸೈಜೂ ಎಲ್ಲದರಲ್ಲೂ ಸಿಗುವುದಿಲ್ಲ, ಹಾಗಾಗಿ ಹೆಸರಿಗಿಂತ ಸೈಜ್ ಮುಂದಿಟ್ಟುಕೊಂಡು ಹುಡುಕಿ. ಜೆ.ಸಿ. ರೋಡಿನ ಸುತ್ತಮುತ್ತ ಮೂರು ಅಂಗಡಿಯಲ್ಲಿ ಬೆಲೆ ಕೇಳಿ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್, ಹಳೆ ಟೈರಿನ ವಿನಿಮಯ ಎಲ್ಲ ಸೇರಿ ಎಷ್ಟು ಅಂತ ಒಂದೇ ಮೊತ್ತ ಹೇಳಿಸಿ. ಭಾನುವಾರ ಬೇಡ, ವಾರದ ನಡುವೆ ಬೆಳಿಗ್ಗೆ ಹೋದರೆ ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ.

ದುಡ್ಡು ಕೊಡುವ ಮುಂಚೆ ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2325 ಅಂತ ಇದ್ದರೆ 2025ರ 23ನೇ ವಾರ ತಯಾರಾದದ್ದು. ಆರು ತಿಂಗಳೊಳಗಿನದು ಕೇಳಿ. ನಾಲ್ಕೂ ಟೈರಿನ ಅಂಕಿ ನೀವೇ ಬಗ್ಗಿ ಓದಿ. ಒಮ್ಮೆ ನನಗೆ ಕೊಟ್ಟ ನಾಲ್ಕರಲ್ಲಿ ಮೂರು ಹೊಸವು, ಒಂದು ಎರಡು ವರ್ಷದ ಹಳೆಯದು. ತೋರಿಸಿದ ತಕ್ಷಣ ಬದಲಾಯಿಸಿದರು, ಕೇಳದಿದ್ದರೆ ಹಾಗೇ ಹೋಗುತ್ತಿತ್ತು.

ಎರಡೇ ಚಕ್ರ ಎಳೆಯುವುದಲ್ವಾ, ಎರಡೇ ಎಟಿ ಹಾಕಿಸೋಣ ಅಂತ ಅನ್ನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ತಿರುವಿನಲ್ಲಿ ಮುಂದೊಂದು ಹಿಡಿತ, ಹಿಂದೊಂದು ಹಿಡಿತ ಆದರೆ ಗಾಡಿ ಕೈತಪ್ಪುತ್ತದೆ. ನಾಲ್ಕೂ ಒಂದೇ ಇರಲಿ. ಸೈಜ್ ಬದಲಾಯಿಸಿದರೆ ಸ್ಟೆಪ್ನಿಯನ್ನೂ ಯೋಚಿಸಿ. ದೊಡ್ಡ ಟೈರು ಸ್ಟೆಪ್ನಿ ಜಾಗದಲ್ಲಿ ಕೂರುತ್ತದೆಯೇ ಅಂತ ಅಂಗಡಿಯಲ್ಲೇ ಇಟ್ಟು ನೋಡಿ.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂತು. ಕಂಪನಿಯ ಸ್ಪ್ರಿಂಗ್, ಕಂಪನಿ ಒಪ್ಪಿದ ಸೈಜಿನ ಟೈರು ಹಾಕಿದರೆ ನೀವು ಸುರಕ್ಷಿತ. ಲಿಫ್ಟ್ ಕಿಟ್ ವಿಷಯದಲ್ಲಿ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ. ವಾರಂಟಿ ಇನ್ನೂ ಇರುವ ಗಾಡಿಗೆ ಲಿಫ್ಟ್ ಬೇಡವೇ ಬೇಡ. ನಾನು ಟೈರು, ಹೊಸ ಸ್ಪ್ರಿಂಗ್ ಮೊದಲು ಅಂತ ಒತ್ತಿ ಹೇಳಲು ಇದೂ ಒಂದು ಕಾರಣ.

ದುಡ್ಡು ಹೇಗೆ ಹಂಚುವುದು

ಕೈಯಲ್ಲಿ 60,000 ರೂಪಾಯಿ ಇದೆ ಅಂದುಕೊಳ್ಳಿ. ನಾನಾದರೆ ಸುಮಾರು 40,000 ನಾಲ್ಕು ಒಳ್ಳೆಯ ಟೈರಿಗೆ ಇಡುತ್ತೇನೆ. 12,000ದಿಂದ 15,000 ಹಿಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗೆ. ಉಳಿದದ್ದರಲ್ಲಿ 12 ವೋಲ್ಟಿನ ಗಾಳಿ ಪಂಪು, ಪ್ರೆಷರ್ ಗೇಜ್, ಗಟ್ಟಿ ಟೋ ಹಗ್ಗ.

ಗಾಳಿ ಪಂಪು ಯಾಕೆ ಅಂತ ಹೇಳಬೇಕು. ಕೆಸರು ದಾರಿ ಶುರುವಾಗುವಲ್ಲಿ 33 ಪಿಎಸ್‌ಐ ಇರುವ ಗಾಳಿಯನ್ನು 22-24ಕ್ಕೆ ಇಳಿಸಿ. ಟೈರು ಸ್ವಲ್ಪ ಚಪ್ಪಟೆಯಾಗಿ ನೆಲವನ್ನು ಉದ್ದಕ್ಕೆ ಹಿಡಿಯುತ್ತದೆ. ಮಾವನ ತೋಟದ ಅದೇ ಏರನ್ನು ಮುಂದಿನ ಮಳೆಗಾಲದಲ್ಲಿ ಎಟಿ ಟೈರು ಹಾಕಿ, 24 ಪಿಎಸ್‌ಐನಲ್ಲಿ, ಒಂದನೇ ಗೇರಿನಲ್ಲಿ ನಿಲ್ಲದೆ ಹತ್ತಿದೆ. ಟಾರ್ ರಸ್ತೆಗೆ ಬಂದ ಕೂಡಲೇ ಗಾಳಿ ಮತ್ತೆ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಬಿಸಿಯಾಗಿ ಒಡೆಯಬಹುದು. ಪಂಪು ಜೊತೆಗಿಲ್ಲದಿದ್ದರೆ ಗಾಳಿ ಇಳಿಸಲೇಬೇಡಿ.

ಫ್ರಂಟ್ ವೀಲ್ ಡ್ರೈವ್ ಇರುವವರಿಗೆ ಇನ್ನೊಂದು ಉಪಾಯ: ಜಾಗ ಇದ್ದರೆ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿ. ಏರಿನಲ್ಲಿ ಭಾರ ಕೆಳಗಿನ ಚಕ್ರದ ಮೇಲೆ ಬೀಳುತ್ತದೆ. ರಿವರ್ಸ್ ಹೋಗುವಾಗ ಕೆಳಗಿರುವುದು ಎಳೆಯುವ ಚಕ್ರವೇ.

ಹಾಕಿಸಿದ ದಿನ, ಹಾಕಿಸಿದ ಮೇಲೆ

ವರ್ಕ್‌ಶಾಪಿನಲ್ಲಿ ಕೂತು ನೋಡಿ. ಬುಷ್ ಇರುವ ಆರ್ಮ್ ಬೋಲ್ಟುಗಳನ್ನು ಚಕ್ರ ನೆಲಕ್ಕೆ ಊರಿ ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿ ಇರುವ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ. ಹೆಡ್‌ಲೈಟ್ ಕೆಳಗಿಳಿಸಲು ಹೇಳಿ. ಮುಂಭಾಗ ಎದ್ದರೆ ಲೈಟ್ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮನೆಗೆ ಹೊರಡುವ ಮುಂಚೆ ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಮುಂದೆ ಹಿಂದೆ ಓಡಿಸಿ. ಆಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಹಂಪು ದಾಟಿ. ಮಡ್‌ಗಾರ್ಡ್ ಲೈನರಿಗೆ ಟೈರು ಉಜ್ಜಿದರೆ ಕೇಳಿಸುತ್ತದೆ.

ಬಿಗಿದ ನಟ್ಟುಗಳ ಮೇಲೆ ಬಿಳಿ ಪೇಂಟಿನಿಂದ ನಟ್ಟಿಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದು ಗೆರೆ ಎಳೆಸಿ. 500 ಕಿಲೋಮೀಟರ್ ಓಡಿದ ಮೇಲೆ ಟಾರ್ಚ್ ಹಿಡಿದು ನೋಡಿ. ಗೆರೆ ಮುರಿದಿದ್ದರೆ ನಟ್ಟು ಸಡಿಲವಾಗಿದೆ, ಅವತ್ತೇ ಬಿಗಿಸಿ. ಹಾಗೇ ಡ್ರೈವ್ ಶಾಫ್ಟಿನ ರಬ್ಬರ್ ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ, ಬಿರುಕು ಮಡಿಕೆಯ ಒಳಗಿನಿಂದಲೇ ಶುರುವಾಗುವುದು. ಟೇಪು ತೆಗೆದು ಚಕ್ರದ ಮಧ್ಯದಿಂದ ಫೆಂಡರ್‌ವರೆಗೆ ಮತ್ತೆ ನಾಲ್ಕು ಅಳತೆ ತೆಗೆದು, ಹಳೆಯ ಅಂಕಿಗಳ ಪಕ್ಕದಲ್ಲಿ ತಾರೀಖು ಹಾಕಿ ಬರೆದಿಡಿ.